ತೊರೆಯದು, ಕೊಳದ್ದು

"ತವರದ ಡಬ್ಬಿ ನೆಕ್ಕಿದ ಹಾಗಿದೆ," ಎಂದು ಸವೀನಾ ಸೂಪಿನ ಬಟ್ಟಲನ್ನು ಮೇಜಿನ ನಡುವಿಗೆ ತಳ್ಳಿದಳು.

ಒಳಗೆ ಹೋಗಿದ್ದು ಎರಡೇ ಚಮಚ. ಅವಳ ಗಂಡ ಲುಡ್ವಿಕ್ ಎಣಿಸುತ್ತಿದ್ದ. ಎಣಿಸುವುದು ಅವಳಿಗೆ ಗೊತ್ತಾಗಬಾರದೆಂದು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದನೇನೋ ನಿಜ. ಆದರೆ ಗಾಜಿನಲ್ಲಿ ಅವಳ ಕೈಯೂ ಚಮಚವೂ ಕಾಣುತ್ತಿದ್ದವು, ಅವನ ಕಳ್ಳನೋಟ ಅವಳಿಗೂ ಕಾಣುತ್ತಿತ್ತು.

"ಇನ್ನೆರಡು ಚಮಚ," ಎಂದ.

"ನೀನೇ ಕುಡಿ. ನಾನು ಕುಡಿದೆ ಅಂತ ನಿನ್ನ ಸಂಘದ ಪುಸ್ತಕದಲ್ಲಿ ಬರ್ಕೋ."

ಗುರುವಾರ ಪಟ್ಟಣದ ಆಸ್ಪತ್ರೆಯಲ್ಲಿ ಅವಳಿಗೆ ಮೂರನೆಯ ಸಲ ಔಷಧದ ಬಾಟಲಿ ಏರಿಸಬೇಕಿತ್ತು. ಮೊದಲೆರಡು ಬಾಟಲಿಗಳು ಹೊಟ್ಟೆಯೊಳಗಿನ ಗಡ್ಡೆಯನ್ನು ಎಷ್ಟು ಸುಟ್ಟವೋ ದೇವರಿಗೇ ಗೊತ್ತು, ನಾಲಿಗೆಯನ್ನಂತೂ ಪೂರ್ತಿ ಸುಟ್ಟಿದ್ದವು. ತೂಕ ನಲವತ್ತೈದು ಕಿಲೋಗಿಂತ ಕೆಳಗಿಳಿದರೆ ಬಾಟಲಿ ಏರಿಸುವುದಿಲ್ಲ, ಮನೆಗೆ ಕಳಿಸುತ್ತೇನೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಇವತ್ತು ಭಾನುವಾರ. ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯುವಾಗ ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಅವಳು ನಿಂತಿದ್ದಳು. ಮುಳ್ಳು ನಲವತ್ತನಾಲ್ಕೂವರೆಯ ಹತ್ತಿರ ನಡುಗಿ ನಿಂತಿತ್ತು. ಅರ್ಧ ಕಿಲೋ ಎಂದರೆ ನಾಲ್ಕೈದು ಆಲೂಗಡ್ಡೆ. ಅದಕ್ಕೆ ಇಷ್ಟು ಹೆದರುವ ದಿನ ಬರುತ್ತದೆಂದು ಲುಡ್ವಿಕ್ ಕನಸಿನಲ್ಲೂ ಎಣಿಸಿರಲಿಲ್ಲ.

"ಹಾಗಾದ್ರೆ ಏನು ಬೇಕು ಹೇಳು," ಎಂದ. "ಏನು ಬೇಕಾದ್ರೂ ತಂದು ಕೊಡ್ತೀನಿ."

"ಏನು ಬೇಕಾದ್ರೂ?"

"ಹೂಂ."

ಸವೀನಾ ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಳು. ಕೂದಲು ಹೋದಮೇಲೆ ಅವಳ ಮುಖದಲ್ಲಿ ಕಣ್ಣುಗಳೇ ಹೆಚ್ಚಾಗಿದ್ದವು.

"ಟ್ರೌಟ್ ಮೀನು," ಎಂದಳು. "ತೊರೆಯದು."

"ಈಗ ನವೆಂಬರ್."

"ಯಾವ ತಿಂಗಳು ಅಂತ ನಾನು ಕೇಳಲಿಲ್ಲ."

"ಮೊಟ್ಟೆ ಇಡೋ ಕಾಲ ಸವೀನಾ. ಫೆಬ್ರವರಿ ಮುಗಿಯೋವರೆಗೂ ತೊರೆ ಬಂದ್."

"ಮೂವತ್ತಾರು ವರ್ಷ ನಿನ್ನ ಜೊತೆ ಸಂಸಾರ ಮಾಡಿ ಅದೂ ಗೊತ್ತಿಲ್ವಾ ನಂಗೆ? ಬಿಡು. ಕೇಳ್ದೆ ಅಷ್ಟೆ."

ಅವಳು ಜಗಳವಾಡಿದ್ದರೆ ಲುಡ್ವಿಕನಿಗೆ ಸಮಾಧಾನವಾಗುತ್ತಿತ್ತು. ಆದರೆ ಅವಳು ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಒಲೆಯ ಪಕ್ಕದ ಬೆಂಚಿನ ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಯೆಲ್ಶೆವಾ ತೊರೆ ಅಷ್ಟೇನೂ ದೊಡ್ಡದಲ್ಲ. ಬೇಸಿಗೆಯಲ್ಲಿ ನಮ್ಮ ಹೆಂಗಸರು ಲಂಗ ಎತ್ತಿಕೊಂಡು ಅದನ್ನು ದಾಟುತ್ತಾರೆ. ಆದರೆ ಅದರ ಮೀನಿನ ಹೆಸರು ಆಸ್ಟ್ರಿಯಾ, ಇಟಲಿಯವರೆಗೂ ಹೋಗಿದೆ. ಬೇಸಿಗೆ ಬಂತೆಂದರೆ ಸೊಂಟದವರೆಗೆ ರಬ್ಬರ್ ಪ್ಯಾಂಟು ತೊಟ್ಟ ಪರದೇಶದವರು ಬಂದು ಗಾಳ ಬೀಸುತ್ತಾ ನಿಲ್ಲುತ್ತಾರೆ. ಅವರಿಗಾಗಿಯೇ ಮೀನುಗಾರರ ಸಂಘದವರು ಕೊಳದಲ್ಲಿ ಬೆಳೆಸಿದ ಟ್ರೌಟನ್ನು ಪ್ರತಿ ವಸಂತದಲ್ಲಿ ತೊರೆಗೆ ತಂದು ಸುರಿಯುತ್ತಾರೆ. ಪರದೇಶದವರು ಕೊಳದ್ದನ್ನು ಹಿಡಿದರೆ ಒಯ್ಯಬಹುದು, ತೊರೆಯಲ್ಲೇ ಹುಟ್ಟಿದ್ದನ್ನು ಹಿಡಿದರೆ ಮರಳಿ ನೀರಿಗೆ ಬಿಡಬೇಕು. ಊರಿನ ಸದಸ್ಯರಿಗೆ ಮಾತ್ರ ಬೇಸಿಗೆಯಲ್ಲಿ ತೊರೆಯ ಮೀನು ನಾಲ್ಕೈದು ಸಿಗುತ್ತದೆ. ಈ ಎರಡನ್ನೂ ಬೇರೆ ಮಾಡಿ ಹೇಳುವುದು ಕಾವಲುಗಾರನ ಕೆಲಸ, ಮೂವತ್ತೊಂದು ವರ್ಷದಿಂದ ಆ ಕಾವಲುಗಾರ ಲುಡ್ವಿಕ್.

ಅವನು ಮೀನನ್ನು ಕೈಗೆ ತೆಗೆದುಕೊಳ್ಳಬೇಕಾಗಿಯೂ ಇರಲಿಲ್ಲ. ಬುಟ್ಟಿಯ ಮುಚ್ಚಳ ಎತ್ತಿ ನೋಡಿ, "ಕೊಳದ್ದು, ಕೊಳದ್ದು, ತೊರೆಯದು, ಇದನ್ಯಾಕೆ ಇಟ್ಕೊಂಡೆ ಕಳ್ಳ?" ಎಂದುಬಿಡುತ್ತಿದ್ದ. ಈಜುರೆಕ್ಕೆ ನೋಡಿದರೆ ಸಾಕು ಎನ್ನುತ್ತಿದ್ದ. ಸಿಮೆಂಟಿನ ತೊಟ್ಟಿಯಲ್ಲಿ ಸಾವಿರ ಮೀನಿನ ನಡುವೆ ಬೆಳೆದದ್ದು ಗೋಡೆಗೆ ಉಜ್ಜಿ ಉಜ್ಜಿ ಕಿವಿರಿನ ಕೆಳಗಿನ ರೆಕ್ಕೆಗಳನ್ನು ಹಳೆಯ ಪೊರಕೆಯ ಹಾಗೆ ಸವೆಸಿಕೊಂಡಿರುತ್ತದೆ. ಬಾಲದ ಮೂಲೆಗಳು ದುಂಡಾಗಿರುತ್ತವೆ. ಚುಕ್ಕೆಗಳೇನೋ ಇರುತ್ತವೆ, ಆದರೆ ಒಂದು ಮೀನಿನ ಚುಕ್ಕೆಗೂ ಇನ್ನೊಂದರ ಚುಕ್ಕೆಗೂ ವ್ಯತ್ಯಾಸವಿಲ್ಲ. ತೊರೆಯದು ಹಾಗಲ್ಲ, ಮಡುವಿಗೊಂದು ಬಣ್ಣ. ಇಷ್ಟನ್ನೂ ಅವನು ಸಂಘದ ಹೊಸಬರಿಗೆ ವರ್ಷಕ್ಕೊಮ್ಮೆ ಹೇಳುತ್ತಿದ್ದ. ಮನೆಯಲ್ಲಿ ಹೇಳುತ್ತಿರಲಿಲ್ಲ. ಮನೆಯಲ್ಲಿ ಅವನು ಬೂಟು ಬಿಚ್ಚುತ್ತಿದ್ದ, ಊಟ ಮಾಡುತ್ತಿದ್ದ, ಒಲೆಗೆ ಕಟ್ಟಿಗೆ ಹಾಕಿ ಮಲಗುತ್ತಿದ್ದ. ನಮ್ಮಲ್ಲಿ ಇಂಥ ಸಂಘವನ್ನು 'ಮೀನುಗಾರರ ಕುಟುಂಬ' ಎಂದು ಕರೆಯುತ್ತಾರೆ. ಲುಡ್ವಿಕನಿಗೆ ಎರಡು ಕುಟುಂಬ, ನಾನು ಎರಡನೆಯವಳು ಎಂದು ಸವೀನಾ ಒಳ್ಳೆಯ ದಿನಗಳಲ್ಲಿ ಎಲ್ಲರ ಮುಂದೆ ನಗಾಡುತ್ತಿದ್ದಳು. ಅವಳು ನಗುತ್ತಿದ್ದುದರಿಂದ ಉಳಿದವರೂ ನಗುತ್ತಿದ್ದರು.

ಕಾನೂನಿನ ವಿಷಯದಲ್ಲಿ ಅವನಿಗೆ ಅಣ್ಣ ತಮ್ಮ ಎಂಬುದಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಇಂಥದೇ ನವೆಂಬರಿನಲ್ಲಿ ಸವೀನಾಳ ಒಡಹುಟ್ಟಿದ ತಮ್ಮ ಸ್ತೊಯಾನನನ್ನೇ ತೊರೆಯ ದಡದಲ್ಲಿ ಮೀನಿನ ಸಮೇತ ಹಿಡಿದು ವರದಿ ಬರೆದಿದ್ದ. ಸ್ತೊಯಾನನ ಪರವಾನಗಿ ಎರಡು ವರ್ಷ ರದ್ದಾಯಿತು. "ಹಿಡಿಯೋದು ಬೇಡ ಅಂದ್ರಲ್ಲ, ಬೆಳೀತೀನಿ ನೋಡಿ," ಎಂದು ಅವನು ಕಣಿವೆಯ ಕೆಳಗೆ ಕೊಳ ಕಟ್ಟಿಸಿದ. ಈಗ ಸಂಘದವರು ತೊರೆಗೆ ಬಿಡುವ ಮೀನು ಕೊಳ್ಳುವುದೂ ಅವನಿಂದಲೇ. ಪ್ರತಿ ವಸಂತದಲ್ಲಿ ಸ್ತೊಯಾನ್ ಈ ದಡದಿಂದ ಬಕೆಟು ಸುರಿಯುತ್ತಾನೆ, ಲುಡ್ವಿಕ್ ಆ ದಡದಲ್ಲಿ ನಿಂತು ಪುಸ್ತಕದಲ್ಲಿ ಗುರುತು ಹಾಕುತ್ತಾನೆ. ನಡುವೆ ನೀರು ಮಾತಾಡುತ್ತದೆ, ಇವರಿಬ್ಬರೂ ಮಾತಾಡುವುದಿಲ್ಲ.

ಸೋಮವಾರ ಬೆಳಕು ಹರಿಯುತ್ತಲೇ ಲುಡ್ವಿಕ್ ಎದ್ದ. "ಕಾಡಲ್ಲಿ ಬಿದ್ದ ಮರ ನೋಡ್ಕೊಂಡು ಬರ್ತೀನಿ," ಎಂದು ಬೆಂಚಿನ ಕಡೆ ಹೇಳಿದ. ಗಾಳದ ಕೋಲು ಮೂಲೆಯಲ್ಲೇ ಉಳಿಯಿತು. ಕೋಲು ಹಿಡಿದು ಹೊರಟರೆ ದಾರಿಯ ನಾಯಿಗೂ ವಿಷಯ ತಿಳಿಯುತ್ತದೆ.

ಮಂಜು ಎಷ್ಟು ಕವಿದಿತ್ತೆಂದರೆ ತನ್ನ ಬೂಟಿನ ಸದ್ದು ಹಿಂದೆ ಇನ್ನಾರದೋ ಬೂಟಿನಂತೆ ಕೇಳುತ್ತಿತ್ತು. ಹಾಳು ಗಿರಣಿಯ ಹತ್ತಿರ ಅವನೇ ಮೊಳೆ ಹೊಡೆದ ಹಲಗೆ ಇತ್ತು: ಅಕ್ಟೋಬರ್ ಒಂದರಿಂದ ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ. ಹಲಗೆಗೆ ಕಣ್ಣಿದೆಯೇನೋ ಎಂಬಂತೆ ಟೋಪಿಯನ್ನು ಹಣೆಗೆಳೆದುಕೊಂಡು ದಾಟಿದ. ಅಲ್ಲಿಂದ ಮೇಲೆ ಯಾರೂ ಬರುವುದಿಲ್ಲ. ಬೀಚ್ ಎಂಬ ಕಾಡುಮರಗಳ ಎಲೆಗಳು ಒದ್ದೆಯಾಗಿ ನೆಲಕ್ಕೆ ಅಂಟಿದ್ದವು. ತೊರೆ ಕಾಣುತ್ತಿರಲಿಲ್ಲ, ಅದರ ಮಾತು ಮಾತ್ರ ಒಮ್ಮೆ ಎಡಗಡೆಯಿಂದ ಒಮ್ಮೆ ಬಲಗಡೆಯಿಂದ ಬರುತ್ತಿತ್ತು. ಈ ದಾರಿಯಲ್ಲಿ ಅವನು ಎಷ್ಟು ಸಾವಿರ ಸಲ ನಡೆದಿದ್ದನೋ, ಕಳ್ಳನಾಗಿ ನಡೆದದ್ದು ಇದೇ ಮೊದಲು. ಕಳ್ಳನ ಕಣ್ಣಿಗೆ ಎಲ್ಲವೂ ಹೊಸದಾಗಿ ಕಾಣುತ್ತದೆ ಎಂಬುದು ಅವನಿಗೆ ಆ ಬೆಳಿಗ್ಗೆ ಗೊತ್ತಾಯಿತು.

ಮೂರನೆಯ ಮಡುವಿನ ಕೆಳತುದಿಯಲ್ಲಿ ಜಲ್ಲಿಕಲ್ಲಿನ ಹಾಸು ಇದೆ. ಅಲ್ಲಿ ಅವನು ಹೊಟ್ಟೆಯ ಮೇಲೆ ಮಲಗಿ, ದಡದ ಮರದ ಬೇರಿನ ಮೇಲೆ ಗಲ್ಲವಿಟ್ಟು ನೋಡಿದ. ಹೆಣ್ಣುಮೀನು ಅಲ್ಲಿತ್ತು. ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. ಅದು ಸುಮ್ಮನೆ ನಿಂತಿರುತ್ತಿತ್ತು, ಇದ್ದಕ್ಕಿದ್ದಂತೆ ಪಕ್ಕಕ್ಕೆ ಮಗುಚಿ ಬಾಲದಿಂದ ತಳವನ್ನು ಬಡಿಯುತ್ತಿತ್ತು. ಜಲ್ಲಿ ಎದ್ದು, ಮಣ್ಣು ಹೊಗೆಯಾಗಿ ಹರಿದುಹೋಗಿ, ತೊಳೆದ ಕಲ್ಲುಗಳ ಒಂದು ಬಿಳಿಯ ಗುಳಿ ಉಳಿಯುತ್ತಿತ್ತು. ಹಿಂದೆ ಒಂದು ಕಪ್ಪು ಗಂಡು, ಕೆಳದವಡೆ ಕೊಕ್ಕೆಯಾಗಿ ಬಾಗಿದ್ದು, ಬಾಗಿಲು ಕಾಯುವವನಂತೆ ನಿಂತಿತ್ತು. ಎಷ್ಟು ಹೊತ್ತು ನೋಡಿದನೋ. ಮಂಜಿನೊಳಗೆ ಹೊತ್ತು ಎಂಬುದು ಇರಲಿಲ್ಲ. ನೋಡುತ್ತಾ ನೋಡುತ್ತಾ ತಾನು ಯಾಕೆ ಬಂದೆ ಎಂಬುದೇ ಮರೆತು ಹೋಯಿತು, ತೋಳಿನ ಕೆಳಗೆ ಅಂಗಿ ಒದ್ದೆಯಾಗಿ ಚಳಿ ಹಿಡಿದಾಗ ನೆನಪಾಯಿತು.

ದಣಿದ ಹೆಣ್ಣುಮೀನು ಬೇರಿನ ಅಡಿಯ ನೆರಳಿಗೆ ಬಂತು. ಅವನ ಗಲ್ಲದ ಕೆಳಗೇ.

ಚಿಕ್ಕಂದಿನಲ್ಲಿ ಕಲಿತ ಬರಿಗೈ ಬೇಟೆ ಕೈಗೆ ಮರೆತಿರಲಿಲ್ಲ. ಅಂಗಿಯ ತೋಳು ಮಡಿಸಿದ. ಕೈಯನ್ನು ಮೊದಲು ನೀರಿನಲ್ಲಿ ಅದ್ದಿ ಚೆನ್ನಾಗಿ ಒದ್ದೆ ಮಾಡಿಕೊಂಡ. ಒಣ ಕೈ ತಗಲಿದರೆ ಮೀನಿನ ಮೈಯ ಲೋಳೆ ಹೋಗಿ ಅದು ಬದುಕುವುದಿಲ್ಲ. ಒದ್ದೆ ಮಾಡಿಕೊಂಡ ಮೇಲೆ ಹೊಳೆಯಿತು: ಕೊಲ್ಲಲು ಬಂದವನಿಗೆ ಇದರ ಅಗತ್ಯವೇ ಇಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕೈಯನ್ನು ಬೇರಿನ ಅಡಿ ಇಳಿಸಿದ, ಬೆರಳ ತುದಿಗೆ ಹೊಟ್ಟೆ ತಗಲಿತು, ಮೆಲ್ಲಗೆ ಸವರುತ್ತಾ ಕಿವಿರಿನವರೆಗೆ ಹೋಗಿ ಹಿಡಿದುಬಿಟ್ಟ.

ಮೇಲೆತ್ತಿದ ಮೀನು ಒದ್ದಾಡಲಿಲ್ಲ. ಅಂಗೈಯಲ್ಲಿ ಭಾರವಾಗಿ, ತಣ್ಣಗೆ, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅವನ ಮಣಿಕಟ್ಟಿನ ಮೇಲೆ ಏನೋ ಜಾರಿತು. ಸಾಬೂದಾನಿಗಿಂತ ಸ್ವಲ್ಪ ದಪ್ಪ, ಕಿತ್ತಳೆ ಬಣ್ಣದ ಮೊಟ್ಟೆಗಳು. ಐದು, ಆರು, ಮತ್ತೆ ನಾಲ್ಕು. ಅಂಗಿಯ ತೋಳಿನ ಒಳಗೂ ಒಂದೆರಡು ಹೋದವು. ಸವೀನಾಳ ಮುಖ ನೆನೆಸಿಕೊಂಡ. ನಲವತ್ತನಾಲ್ಕೂವರೆ ಎಂದು ಬಾಯಿಬಿಟ್ಟು ಹೇಳಿಕೊಂಡ. ಕಲ್ಲೊಂದು ಪಕ್ಕದಲ್ಲೇ ಇತ್ತು, ಒಂದು ಏಟು ಸಾಕು.

ಕೈ ನೀರಿಗಿಳಿಯಿತು. ತಾನು ಬಿಟ್ಟನೋ ಕೈಯೇ ಬಿಟ್ಟಿತೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ತಿಳಿಯಲಿಲ್ಲ. ಮೀನು ಬೆರಳುಗಳ ನಡುವೆ ಒಂದು ಗಳಿಗೆ ನಿಂತು, ನಂತರ ಇಲ್ಲವಾಯಿತು. ಅರವತ್ನಾಲ್ಕು ವರ್ಷದ ಗಂಡಸು ಹೊಟ್ಟೆಯ ಮೇಲೆ ಮಲಗಿದಲ್ಲೇ ಸ್ವಲ್ಪ ಹೊತ್ತು ಅತ್ತ. ಹೆಂಡತಿಗೆ ದ್ರೋಹ ಮಾಡಿದೆ ಎಂದು ಅವನಿಗೆ ಸ್ಪಷ್ಟವಾಗಿ ಅನಿಸಿತು.

ಲುಡ್ವಿಕ್ ಕಣಿವೆಯ ಕೆಳಗಿನ ಕೊಳಕ್ಕೆ ಬರುವಷ್ಟರಲ್ಲಿ ಮಂಜು ಹರಿದು ಬಿಸಿಲು ಬಂದಿತ್ತು. ಸ್ತೊಯಾನ್ ಕೊಳದ ಅಂಚಿನಲ್ಲಿ ನಿಂತು ಮೀನಿಗೆ ಕಾಳು ಎರಚುತ್ತಿದ್ದ. ಎರಚಿದ ಕಡೆ ನೀರು ಕುದಿಯುವಂತೆ ಮೀನು ಮೇಲೇಳುತ್ತಿದ್ದವು. ಗೇಟಿನ ಸದ್ದಿಗೆ ತಿರುಗಿ ನೋಡಿದವನು ಕಾಳಿನ ಡಬ್ಬವನ್ನು ಕೆಳಗಿಟ್ಟ.

"ಓಹೋ! ಕಾವಲುಗಾರ ಸಾಹೇಬರು! ಏನು ಭಾವ, ದಾರಿ ತಪ್ಪಿತಾ? ಇಲ್ಲಾ ನನ್ನ ಮೀನೂ ನವೆಂಬರಲ್ಲಿ ಮೊಟ್ಟೆ ಇಡ್ತಾವೆ ಅಂತ ವರದಿ ಬರೆಯೋಕೆ ಬಂದ್ಯಾ?"

"ಒಂದು ಮೀನು ಬೇಕು."

"ಏನು?"

"ಮೀನು. ಒಂದು."

ಸ್ತೊಯಾನ್ ಕಿವಿಯೊಳಗೆ ಬೆರಳು ಹಾಕಿ ತಿರುವಿದ. "ಸರಿಯಾಗೇ ಕೇಳಿಸ್ತಾ ಇದೆ. ಅಲ್ಲ ಭಾವ, ಹೋದ ವರ್ಷ ಸಂಘದ ಊಟದಲ್ಲಿ, ಪಾದ್ರಿಗಳ ಎದುರಿಗೇ, ಸ್ತೊಯಾನನ ಮೀನು ತಿನ್ನೋದೂ ಒಂದೇ, ನೆನೆದ ಸಾಬೂನು ತಿನ್ನೋದೂ ಒಂದೇ ಅಂದೋರು ಯಾರು?"

"ನಾನೇ."

"ಈಗ ಸಾಬೂನಿನ ಆಸೆಯಾಯ್ತಾ?"

"ಸವೀನಾಗೆ."

ಸ್ತೊಯಾನನ ಮುಖದ ನಗು ಹಾಗೇ ಉಳಿಯಿತು, ಕಣ್ಣಿನದು ಹೋಯಿತು. ಅವನು ಅಕ್ಕನನ್ನು ನೋಡಲು ವಾರಕ್ಕೊಮ್ಮೆ ಹೋಗುತ್ತಿದ್ದ, ಲುಡ್ವಿಕ್ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು.

"ಏನೂ ತಿಂತಿಲ್ವಾ?"

"ನಿನ್ನೆಯಿಂದ ಎರಡು ಚಮಚ ಸೂಪು."

"ಗುರುವಾರ ಅಲ್ವಾ ಆಸ್ಪತ್ರೆ?"

"ಹೂಂ."

"ಅವಳು ಏನು ಕೇಳಿದ್ಲು ಅಂತ ಸರಿಯಾಗಿ ಹೇಳು."

ಲುಡ್ವಿಕ್ ನೀರು ನೋಡಿದ. "ತೊರೆಯದು."

"ಮತ್ತೆ ಇಲ್ಲಿಗ್ಯಾಕೆ ಬಂದೆ? ಹೋಗಿ ಹಿಡಿಯೋಕೇನು ದಾಡಿ? ನಿನ್ನ ಹಿಡಿಯೋರು ಯಾರು? ಹಿಡಿಯೋನು ನೀನೇ ತಾನೆ!"

ಸ್ತೊಯಾನ್ ಭಾವನ ಅಂಗಿಯನ್ನು ನೋಡಿದ. ಎದೆಯಿಂದ ಸೊಂಟದವರೆಗೆ ಒದ್ದೆ, ಕೆಸರು. ಬಲತೋಳಿನ ಮಡಿಕೆಯಲ್ಲಿ ಒಂದು ಕಿತ್ತಳೆ ಬಣ್ಣದ ಮೊಟ್ಟೆ ಇನ್ನೂ ಅಂಟಿಕೊಂಡಿತ್ತು. ಮೀನು ಸಾಕುವವನಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಹನ್ನೆರಡು ವರ್ಷದಿಂದ ಕೂಡಿಟ್ಟ ಮಾತು ಅವನ ಬಾಯಿಯಲ್ಲಿ ಸಿದ್ಧವಾಗಿದ್ದಿರಬೇಕು. ಅವನು ಅದನ್ನು ಆಡಲಿಲ್ಲ.

"ನಿನ್ನ ಕೈಲಾಗಲ್ಲ ಅಂದ್ರೆ ನಾನು ಹೋಗ್ತೀನಿ," ಎಂದ. "ಇನ್ನೊಂದ್ಸಲ ವರದಿ ಬರಿ ಬೇಕಾದ್ರೆ."

"ಬೇಡ."

ಸ್ತೊಯಾನ್ ಬಲೆ ಇಳಿಸಿದ. ಮೊದಲು ಸಿಕ್ಕಿದ್ದನ್ನು ತಿರುಗಿಸಿ ನೋಡಿ ನೀರಿಗೇ ಬಿಸಾಡಿದ, ಎರಡನೆಯದನ್ನೂ ಬಿಸಾಡಿದ. ಐದನೆಯದನ್ನು ಬಿಸಿಲಿಗೆ ಹಿಡಿದು, "ಇದ್ದಿದ್ದರಲ್ಲಿ ಇದರ ರೆಕ್ಕೆ ವಾಸಿ," ಎಂದ. ವಾಸಿ ಏನೂ ಇರಲಿಲ್ಲ. ಅದನ್ನು ಕೊಂದು ಕಾಗದದಲ್ಲಿ ಸುತ್ತಿ ಕೊಟ್ಟು, "ಅವಳು ನೋಡಿದ ತಕ್ಷಣ ಹೇಳ್ತಾಳೆ ಭಾವ, ಗೊತ್ತಲ್ಲ?" ಎಂದು ಕೇಳಿದ.

"ಅವಳಿಗೀಗ ರುಚಿ ಗೊತ್ತಾಗಲ್ಲ."

"ಕಣ್ಣು ಹೋಗಿಲ್ವಲ್ಲ."

ದಾರಿಯುದ್ದಕ್ಕೂ ಆ ಮಾತು ಲುಡ್ವಿಕನ ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಕಣಿವೆಯಲ್ಲಿ ಟ್ರೌಟನ್ನು ಇಡಿಯಾಗಿ ಕರಿಯುತ್ತಾರೆ, ತಲೆ, ರೆಕ್ಕೆ, ಬಾಲ ಸಮೇತ. ಬಡಿಸುವಾಗ ರೆಕ್ಕೆಗಳನ್ನು ಚಮಚದ ತುದಿಯಿಂದ ಅಗಲವಾಗಿ ಬಿಡಿಸಿಟ್ಟು ಬಡಿಸುವುದು ಮನೆಯ ಮರ್ಯಾದೆ: ನೋಡಿ, ನಿಮಗೆ ಕೊಟ್ಟದ್ದು ಏನು ಎಂದು ತೋರಿಸಿದಂತೆ. ಉಣ್ಣುವವರು ಬಾಲದ ತುದಿಯನ್ನು ಮುರಿದು ಹಪ್ಪಳದ ಹಾಗೆ ಕರುಮುರು ತಿಂದು ಊಟ ಶುರುಮಾಡುತ್ತಾರೆ. ರೆಕ್ಕೆ ಕತ್ತರಿಸಿದ ಮೀನು ಸಿಗುವುದು ಹೆದ್ದಾರಿಯ ಹೋಟೆಲಿನಲ್ಲಿ ಮಾತ್ರ.

ಸವೀನಾ ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದಳು. ಅವನು ಸದ್ದಾಗದಂತೆ ಮೀನನ್ನು ಹಲಗೆಯ ಮೇಲಿಟ್ಟ. ಹೊಟ್ಟೆ ಸೀಳಿ ತೊಳೆದ, ಉಪ್ಪು ಸವರಿದ. ಕಿವಿರಿನ ಕೆಳಗಿನ ರೆಕ್ಕೆಗಳು ಮೊಂಡು ಮೊಂಡಾಗಿ ಅವನನ್ನೇ ಅಣಕಿಸುತ್ತಿದ್ದವು. ಬಿಡಿಸಿಡಲು ಅಲ್ಲಿ ಏನೂ ಇರಲಿಲ್ಲ. ಕತ್ತರಿ ತೆಗೆದುಕೊಂಡು ಮೊದಲು ಅವೆರಡನ್ನು ಕತ್ತರಿಸಿದ. ಅವೆರಡೇ ಇಲ್ಲದಿದ್ದರೆ ಅನುಮಾನ ಬರುತ್ತದೆಂದು ಬೆನ್ನಿನದನ್ನೂ ಹೊಟ್ಟೆಯದನ್ನೂ ಕತ್ತರಿಸಿದ. ಆಮೇಲೆ ಬಾಲದ ದುಂಡುಮೂಲೆ ಕಣ್ಣಿಗೆ ಬಿತ್ತು, ಅದನ್ನೂ ಕತ್ತರಿಸಿದ. ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ, ಹಂದಿಕೊಬ್ಬಿನಲ್ಲಿ ಎರಡೂ ಕಡೆ ಬಂಗಾರದ ಬಣ್ಣ ಬರುವಂತೆ ಕರಿದ. ಬೆಳ್ಳುಳ್ಳಿ ಉದುರಿಸಿದ. ಮೂರು ದಶಕ ಮೀನಿನ ರೆಕ್ಕೆ ನೋಡಿಯೇ ಜನರ ಕಳ್ಳತನ ಹಿಡಿದವನಿಗೆ, ರೆಕ್ಕೆಯೇ ಇಲ್ಲದ ಮೀನು ಏನು ಹೇಳುತ್ತದೆ ಎಂಬುದು ಹೊಳೆಯಲೇ ಇಲ್ಲ.

ತಟ್ಟೆಯನ್ನು ಮೇಜಿನ ಮೇಲಿಟ್ಟು ಅವಳನ್ನು ಎಬ್ಬಿಸಿ ಕೂರಿಸಿದ.

ಸವೀನಾ ತಟ್ಟೆ ನೋಡಿದಳು. ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿದಳು.

"ಇದಕ್ಕೆ ಕ್ಷೌರ ಯಾರು ಮಾಡಿದ್ದು?" ಎಂದಳು.

ಲುಡ್ವಿಕನ ಕಿವಿ ಕೆಂಪಾಯಿತು.

"ನನ್ನ ತಲೆ ಬೋಳಾಯ್ತು ಅಂತ ಮೀನಿಗೂ ಬೋಳಿಸಿದ್ಯಾ ಮಾರಾಯ?" ಎಂದು ಅವಳು ನಗತೊಡಗಿದಳು. ವಾರಗಳಿಂದ ನಗದಿದ್ದ ಗಂಟಲು, ನಗು ಕೆಮ್ಮಾಯಿತು. ಕೆಮ್ಮು ನಿಂತಾಗ ನಗು ಉಳಿದಿರಲಿಲ್ಲ. "ಸ್ತೊಯಾನನ ಹತ್ರ ಹೋಗಿದ್ಯಾ?"

"ಹೂಂ."

"ನೀನು? ಅವನ ಗೇಟು ದಾಟಿದ್ಯಾ?"

"ದಾಟ್ದೆ."

"ಅದೂ ಒಂದು ಆಯ್ತು ಅನ್ನು," ಎಂದಳು. "ಸಾಯೋಕೆ ಮುಂಚೆ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ. ಆದ್ರೆ ನೀನು ತೊರೆಗೆ ಹೋಗಲಿಲ್ಲ."

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಲುಡ್ವಿಕನಿಗೆ ಒಂದೇ ದಿನ ಅಷ್ಟೊಂದು ಕಳ್ಳತನ ಸಾಧ್ಯವಾಗಲಿಲ್ಲ.

"ಹೋಗಿದ್ದೆ. ಹಿಡಿದಿದ್ದೆ. ಕೈಯಲ್ಲಿತ್ತು. ಬಿಟ್ಟುಬಿಟ್ಟೆ."

ಫೋರ್ಕನ್ನು ಸವೀನಾ ತಟ್ಟೆಯ ಪಕ್ಕದಲ್ಲಿಟ್ಟಳು. "ನಾನು ನಿನ್ನ ಹತ್ರ ಏನು ಕೇಳಿದ್ದೀನಿ ಲುಡ್ವಿಕ್, ಇಷ್ಟು ವರ್ಷದಲ್ಲಿ? ಹೇಳು. ಎಷ್ಟು ಭಾನುವಾರ ಒಬ್ಬಳೇ ಉಂಡಿದ್ದೀನಿ. ಮಗಳು ಹುಟ್ಟಿದ ದಿನ ನೀನು ಗಿರಣಿಯ ಹತ್ರ ಮೊಟ್ಟೆ ಕಾಯ್ತಾ ಇದ್ದೆ. ಏನಾದ್ರೂ ಅಂದೆನಾ? ಒಂದು ಮೀನು ಕೇಳ್ದೆ."

"ಮೊಟ್ಟೆ ಕೈಮೇಲೆ ಬಿತ್ತು," ಎಂದ ಲುಡ್ವಿಕ್. ಬಲಗೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟ, ಅಲ್ಲಿ ಇನ್ನೂ ಏನೋ ಇದೆ ಎಂಬಂತೆ.

ಒಲೆಯಲ್ಲಿ ಕಟ್ಟಿಗೆ ಕುಸಿಯಿತು. ಸವೀನಾ ಆ ಕೈಯನ್ನು ಬಹಳ ಹೊತ್ತು ನೋಡಿದಳು.

"ನನ್ನ ನಾಲಿಗೆಗೆ ಈಗ ತೊರೆಯದೂ ಒಂದೇ ಕೊಳದ್ದೂ ಒಂದೇ, ಎರಡೂ ತವರ," ಎಂದಳು ಕೊನೆಗೆ. "ತಿನ್ನೋಕೆ ಅಂತ ಕೇಳಿದ್ದಲ್ಲ. ಅದು ಹೇಗಿತ್ತು?"

"ಏನು?"

"ಬಿಟ್ಟೆಯಲ್ಲ, ಅದು."

"ಮೀನು. ಮೀನಿನ ಥರ ಇತ್ತು."

"ಮೂವತ್ತಾರು ವರ್ಷದಿಂದ ಇದನ್ನೇ ಹೇಳಿದ್ದೀಯ. ಸಂಘದ ಹೊಸಬರಿಗಾದ್ರೆ ಒಂದು ಗಂಟೆ ಪಾಠ ಮಾಡ್ತೀಯಂತೆ." ಅವಳು ಫೋರ್ಕನ್ನು ಮತ್ತೆ ಕೈಗೆ ತೆಗೆದುಕೊಂಡಳು. "ನೋಡು, ಹೀಗೆ ಮಾಡೋಣ. ನೀನು ಹೇಳ್ತಾ ಇರು, ನಾನು ತಿಂತಾ ಇರ್ತೀನಿ. ನೀನು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ."

"ನಂಗೆ ಹೇಳೋಕೆ ಬರಲ್ಲ ಸವೀನಾ."

"ನಂಗೆ ತಿನ್ನೋಕೆ ಬರಲ್ಲ."

ಲುಡ್ವಿಕ್ ಒದ್ದೆ ಅಂಗಿಯಲ್ಲೇ ಎದುರಿಗೆ ಕೂತ. ಬಾಯಿ ತೆರೆದ, ಮುಚ್ಚಿದ. "ಬೆನ್ನು," ಎಂದ. "ಬೆನ್ನು ಕಂದು. ಕಂದು ಅಲ್ಲ. ನೀರಿನ ಅಡೀಲಿ ಕಲ್ಲು ಇರುತ್ತಲ್ಲ, ಆ ಬಣ್ಣ. ಮೇಲೆ ತೆಗೆದ್ರೆ ಕಲ್ಲಿಗೆ ಆ ಬಣ್ಣ ಇರಲ್ಲ. ಇದಕ್ಕಿತ್ತು."

ಅವಳು ಒಂದು ಚೂರು ಬಿಡಿಸಿ ಬಾಯಿಗಿಟ್ಟಳು. ಮುಖ ಕಹಿಯಾಯಿತು. ಅಗಿದು ನುಂಗಿದಳು.

"ಮುಂದೆ?"

"ಎಡಪಕ್ಕದಲ್ಲಿ ಕೆಂಪು ಚುಕ್ಕೆ. ಹನ್ನೊಂದು. ಒಂದೊಂದರ ಸುತ್ತಲೂ ತಿಳಿನೀಲಿ ಉಂಗುರ. ಕೊಳದ್ದಕ್ಕೆ ಈ ಉಂಗುರ ಸರಿಯಾಗಿ ಮೂಡಲ್ಲ, ಯಾಕೋ ಗೊತ್ತಿಲ್ಲ. ಹೊಟ್ಟೆ ಬೆಣ್ಣೆ ಬಣ್ಣ. ಕಿವಿರಿನ ಕೆಳಗಿನ ರೆಕ್ಕೆ, ಅಯ್ಯೋ, ಅದನ್ನ ಹೇಗೆ ಹೇಳೋದು, ಅಗಲ, ಬಿಡಿಸಿದ್ರೆ ಆ ಕಡೆಯ ಬೆಳಕು ಕಾಣುತ್ತೆ. ಅಂಚಲ್ಲಿ ಒಂದು ಎಳೆ ಬಿಳಿ. ಅದರಿಂದಲೇ ಪ್ರವಾಹಕ್ಕೆ ಎದುರು ನಿಲ್ಲೋದು ಅವಳು. ನೀರು ಎಷ್ಟು ಜೋರಿದ್ರೂ ನಿಂತಲ್ಲೇ ನಿಂತಿರ್ತಾಳೆ, ಸ್ವಲ್ಪ ಮಾತ್ರ ಹೀಗೆ ಹೀಗೆ." ಮೇಜಿನ ಮೇಲೆ ಅವನ ಕೈಗಳು ಅಲುಗಾಡಿದವು.

ಅವನು ನಿಲ್ಲಿಸಿದ. ಫೋರ್ಕ್ ನಿಂತಿತು.

ಅವನು ಗಂಡುಮೀನಿನ ಕೊಕ್ಕೆ ದವಡೆ ಹೇಳಿದ. ಜಲ್ಲಿಯ ಗುಳಿ ಹೇಳಿದ, ಆ ಗುಳಿಯಲ್ಲಿ ಮೊಟ್ಟೆಗಳು ಹಿಮದ ಕೆಳಗೆ ಚಳಿಗಾಲವಿಡೀ ಮಲಗಿರುವುದನ್ನು ಹೇಳಿದ. ಅದು ಮುಗಿದಾಗ ಮಾತಿನಲ್ಲೇ ಎರಡನೆಯ ಮಡುವಿಗೆ ಇಳಿದ, ಅಲ್ಲಿ ಪಾಚಿ ಇರುವುದರಿಂದ ಮೀನೆಲ್ಲ ಹಸಿರು ಛಾಯೆಯವು. ಮಗಳು ಹುಟ್ಟಿದ ದಿನ ಗಿರಣಿಯ ಕೆಳಗೆ ನೋಡಿದ ಮುದಿ ಮೀನು, ಒಂದು ಕಣ್ಣು ಕುರುಡಾಗಿದ್ದದ್ದು, ಅದನ್ನು ನೋಡಿ ಓಡಿ ಬಂದು ಅವಳಿಗೆ ಹೇಳಬೇಕೆಂದುಕೊಂಡು, ಬಾಗಿಲಲ್ಲಿ ಅಷ್ಟು ಹೆಂಗಸರನ್ನು ಕಂಡು ನಾಚಿ ಹೇಳದೆ ಉಳಿದದ್ದು. ಅದನ್ನೂ ಹೇಳಿದ. ಅವನ ದನಿ ತಗ್ಗಿ, ತೊರೆಯ ಪಕ್ಕದಲ್ಲಿ ಒಬ್ಬನೇ ಇದ್ದಾಗ ತನಗೆ ತಾನೇ ಮಾತಾಡಿಕೊಳ್ಳುವ ದನಿಯಾಗಿತ್ತು. ಸವೀನಾ ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದಳು. ಕಿಟಕಿಯ ಬಿಸಿಲು ಮೇಜಿನ ಒಂದು ತುದಿಯಿಂದ ನಡುವಿಗೆ ಬಂದಿತ್ತು.

"ಬಲಪಕ್ಕ?" ಎಂದು ಕೇಳಿದಳು, ಕಣ್ಣು ತೆರೆಯದೆ.

"ಏನು?"

"ಇವತ್ತಿನದು. ಬಲಪಕ್ಕ ಎಷ್ಟು ಚುಕ್ಕೆ?"

"ನೋಡಲಿಲ್ಲ. ಅಷ್ಟರಲ್ಲಿ ಬಿಟ್ಟುಬಿಟ್ಟೆ."

"ಹಾಗಾದ್ರೆ ಬೇರೆ ಯಾವುದಾದ್ರೂ ಹೇಳು."

ಲುಡ್ವಿಕ್ ತಟ್ಟೆ ನೋಡಿದ. ಮೇಲಿನ ಪಕ್ಕ ಪೂರ್ತಿ ಹೋಗಿ ಮುಳ್ಳಿನ ಸಾಲು ಬಾಚಣಿಗೆಯ ಹಾಗೆ ಎದ್ದು ನಿಂತಿತ್ತು. ಸವೀನಾ ಫೋರ್ಕಿನ ತುದಿಯನ್ನು ಅಡಿಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಮೀನನ್ನು ಮೆಲ್ಲಗೆ ಮಗುಚಿದಳು. ಇನ್ನೊಂದು ಪಕ್ಕ ಹಾಗೇ ಇತ್ತು. ಅವನು ಗಂಟಲು ಸರಿಮಾಡಿಕೊಂಡ.